ಎಣಿಕೆಗೆ ಸಿಗುವ ಕೆಲಸ, ಎಣಿಕೆಗೆ ಸಿಗದ ಸೇವೆ

(ಲಕ್ಷ್ಮೇಶ್ವರದಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಶಿಗ್ಲಿ, ಸೂರಣಗಿ, ದೊಡ್ಡೂರು, ಬಾಲೆಹೊಸೂರು, ರಾಮಗೇರಿ, ಆದರಹಳ್ಳಿ ಹೀಗೆ ಸುತ್ತಲ ಊರುಗಳಿಂದ, ತಾಂಡಾಗಳಿಂದ ಮನೆಗೆಲಸ, ಹೊಲದ ಕೆಲಸ ಬಿಟ್ಟು ಬಂದಿದ್ದೀರಿ.  ಇವತ್ತು ಉಳಿತಾಯ, ಸಾಲ, ಬಡ್ಡಿ ಲೆಕ್ಕ ಸ್ವಲ್ಪ ಬದಿಗಿಡೋಣ. ಇವತ್ತು ಬೇರೆ ಒಂದು ಲೆಕ್ಕದ ಬಗ್ಗೆ ಮಾತಾಡಬೇಕಾಗಿದೆ.

ಈ ವಿಷಯವನ್ನು ನಾವು ಆರಿಸಿಕೊಂಡದ್ದಲ್ಲ, ನಿಮ್ಮಲ್ಲೇ ಒಬ್ಬರು ಕೊಟ್ಟದ್ದು. ಹಿಂದೆ ಒಂದು ಸಂಘದ ಸಭೆಯಲ್ಲಿ ಒಬ್ಬ ಸದಸ್ಯೆ ಎದ್ದು ನಿಂತು ಕೇಳಿದರು: "ಸಿಸ್ಟರ್, ನಮ್ಮೂರ ಆಶಾ ಅಕ್ಕ ಒಬ್ಬರ ಮನಿಗೆ ಹತ್ತ ಸಲ ಹೋಗ್ತಾಳ್ರಿ. ಇನ್ನೊಬ್ಬರ ಮನಿಗೆ ಹಣಿಕಿ ಸೈತ ಹಾಕೂದಿಲ್ಲ. ಯಾಕ್ರಿ ಹಿಂಗ?" ಎಲ್ಲರೂ ನಕ್ಕರು. ನಗದೇ ಇದ್ದವರು ಒಬ್ಬರೇ. ಅವರೂ ಅದೇ ಸಂಘದ ಸದಸ್ಯೆ, ಆ ಊರಿನ ಆಶಾ ಕಾರ್ಯಕರ್ತೆ. ತಲೆ ತಗ್ಗಿಸಿ ಕೂತವರು ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: "ನನಗೂ ಎಲ್ಲಾರ ಮನಿಗೆ ಹೋಗೂ ಮನಸ ಐತ್ರಿ ಅಕ್ಕಾರ. ಆದ್ರ ಯಾವ ಮನಿಗೆ ಹೋದ್ರ ಲೆಕ್ಕಕ್ಕ ಬರ್ತದ ಅನ್ನೂದನ್ನ ನಾ ಬರದಿಲ್ರಿ, ಮ್ಯಾಲಿನವರು ಬರದಾರ."

ಆ ದಿನ ಇಬ್ಬರ ಮಾತೂ ನಿಜವೆಂದು ನಮಗೆ ಅನಿಸಿತು. ಆ ಎರಡು ನಿಜಗಳ ನಡುವೆ ಒಬ್ಬ ಬಾಣಂತಿಯ ಜೀವ, ಒಂದು ಕೂಸಿನ ಜೀವ ನಿಂತಿರುತ್ತದೆ. ಅದಕ್ಕೇ ಇದನ್ನು ಬಿಡಿಸಿ ನೋಡಬೇಕು.

ಹತ್ತಿ ಬಿಡಿಸುವ ಲೆಕ್ಕ

ನೀವೆಲ್ಲ ಹೊಲದಲ್ಲಿ ದುಡಿದವರು. ಕೂಲಿ ಎರಡು ಥರ. ಕಳೆ ತೆಗೆಯಲು ಹೋದರೆ ದಿನಗೂಲಿ, ಸಂಜೆಗೆ ಇಷ್ಟು ಅಂತ ಕೈಗೆ ಬರುತ್ತದೆ. ಹತ್ತಿ ಬಿಡಿಸಲು ಹೋದರೆ ಹಲವು ಕಡೆ ಕಿಲೋಕ್ಕೆ ಇಷ್ಟು ಅಂತ ಲೆಕ್ಕ. ಕಿಲೋ ಲೆಕ್ಕದಲ್ಲಿ ಏನಾಗುತ್ತದೆ, ನೀವೇ ಹೇಳಿ. ಕೈ ಚುರುಕಾಗುತ್ತದೆ, ಹೊಲದ ಕೆಲಸ ಬೇಗ ಮುಗಿಯುತ್ತದೆ. ಇದು ಒಳ್ಳೆಯದೇ. ಆದರೆ ಹತ್ತಿಯ ಜೊತೆ ಒಣ ಎಲೆ, ಕಸವೂ ಚೀಲಕ್ಕೆ ಬೀಳುತ್ತದೆ. ಗಿಡದ ಬುಡದಲ್ಲಿರುವ ಕಾಯಿಗೆ ಬಗ್ಗುವವರು ಕಡಿಮೆ. ಯಾಕೆಂದರೆ ತಕ್ಕಡಿ ತೂಕವನ್ನು ಮಾತ್ರ ನೋಡುತ್ತದೆ, ಬಗ್ಗಿದ ಬೆನ್ನನ್ನು ನೋಡುವುದಿಲ್ಲ.

ಆದರೂ ನಿಮ್ಮಲ್ಲಿ ಕೆಲವರು ಬಗ್ಗುತ್ತೀರಿ, ಕಸ ಆರಿಸಿ ಚೀಲಕ್ಕೆ ಹಾಕುತ್ತೀರಿ. ಯಾರೂ ಹೇಳಲಿಲ್ಲ, ಯಾರೂ ಅದಕ್ಕೆ ಹೆಚ್ಚು ಕೊಡಲಿಲ್ಲ. ನಿಮ್ಮ ಮನಸ್ಸು ಹೇಳಿತು, ಮಾಡಿದಿರಿ. ಇದಕ್ಕೇ ವಿವೇಚನೆ ಎನ್ನುವುದು. ನಿಯಮದ ಪುಸ್ತಕ ಎಲ್ಲಿ ಸುಮ್ಮನಾಗುತ್ತದೆಯೋ ಅಲ್ಲಿ ಕೆಲಸಗಾರನ ಸ್ವಂತ ತೀರ್ಮಾನ ಶುರುವಾಗುತ್ತದೆ.

ಸಮಾಜಕಾರ್ಯ ಓದುವಾಗ ನಾವು ಮೈಕೆಲ್ ಲಿಪ್ಸ್ಕಿ ಎಂಬ ಅಮೆರಿಕದ ವಿದ್ವಾಂಸರ ವಿಚಾರ ಕಲಿತೆವು. 1980ರಲ್ಲಿ ಅವರು ಒಂದು ಪುಸ್ತಕ ಬರೆದರು. ಅದರ ಸಾರ ಇಷ್ಟೇ: ಸರ್ಕಾರದ ಯೋಜನೆ ರಾಜಧಾನಿಯಲ್ಲಿ ಬರೆದಂತೆ ನಡೆಯುವುದಿಲ್ಲ. ಜನರ ಎದುರು ನಿಂತು ಕೆಲಸ ಮಾಡುವ ಶಿಕ್ಷಕರು, ಪೊಲೀಸರು, ಕಲ್ಯಾಣ ಇಲಾಖೆಯ ನೌಕರರು ದಿನವೂ ಮಾಡುವ ಸಣ್ಣ ಸಣ್ಣ ತೀರ್ಮಾನಗಳೇ ಕೊನೆಗೆ ಜನರ ಪಾಲಿಗೆ ಯೋಜನೆ ಆಗುತ್ತವೆ. ನಮ್ಮ ಆಶಾ, ನರ್ಸಬಾಯಿ, ಡಾಕ್ಟರ್ ಎಲ್ಲರಿಗೂ ಈ ಮಾತು ಹೊಂದುತ್ತದೆ.

ಆರೋಗ್ಯದಲ್ಲಿ ಕಿಲೋ ಲೆಕ್ಕ ಬಂದದ್ದು

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾಯಿತು. ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಎಂದು ನಿಗದಿಯಾಯಿತು. ಅವರಿಗೆ ಸಂಬಳ ಇಲ್ಲ. ಅವರನ್ನು 'ಸ್ವಯಂಸೇವಕಿ' ಎಂದು ಕರೆದು, ಮಾಡಿದ ಕೆಲಸಕ್ಕೆ ತಕ್ಕಂತೆ ಪ್ರೋತ್ಸಾಹಧನ ಎಂದು ಬರೆದರು. ಕೆಲವು ಉದಾಹರಣೆ ಕೊಡುತ್ತೇವೆ.

ಜನನಿ ಸುರಕ್ಷಾ ಯೋಜನೆಯಲ್ಲಿ ನಮ್ಮ ಕರ್ನಾಟಕದಂಥ ರಾಜ್ಯಗಳಲ್ಲಿ ಬಡತನ ರೇಖೆಗಿಂತ ಕೆಳಗಿನ ಹಾಗೂ ಪರಿಶಿಷ್ಟ ಜಾತಿ, ಪಂಗಡದ ಹಳ್ಳಿಯ ತಾಯಿ ಆಸ್ಪತ್ರೆಯಲ್ಲಿ ಹೆತ್ತರೆ ಆಕೆಗೆ 700 ರೂಪಾಯಿ. ಆಶಾಗೆ 600 ರೂಪಾಯಿ, ಅದರಲ್ಲಿ 300 ಬಸುರಿನ ಕಾಲದ ತಪಾಸಣೆಗಳಿಗೆ, 300 ಆಸ್ಪತ್ರೆ ಹೆರಿಗೆಗೆ.

2011ರಲ್ಲಿ ಬಾಣಂತಿ ಮತ್ತು ಹಸುಗೂಸಿನ ಮನೆ ಭೇಟಿ ಬಂತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಹೀಗೆ ಆರು ಭೇಟಿ. ಮನೆಯಲ್ಲಿ ಹೆರಿಗೆಯಾದರೆ ಮೊದಲನೇ ದಿನವೂ ಸೇರಿ ಏಳು. ಎಲ್ಲಾ ಭೇಟಿ ಸೇರಿ 250 ರೂಪಾಯಿ. ಆ ಹಣ ಕೊಡಲು ಷರತ್ತುಗಳನ್ನೂ ಹಾಕಿದರು. ಕೂಸಿನ ತೂಕ ಬರೆದಿರಬೇಕು, ಲಸಿಕೆ ಹಾಕಿಸಿರಬೇಕು, ಜನನ ನೋಂದಣಿ ಆಗಿರಬೇಕು, ಮತ್ತು 42ನೇ ದಿನದವರೆಗೆ ತಾಯಿ ಮಗು ಇಬ್ಬರೂ ಸುರಕ್ಷಿತವಾಗಿರಬೇಕು.

ಒಂದು ವರ್ಷದೊಳಗೆ ಮಗುವಿಗೆ ಎಲ್ಲಾ ಲಸಿಕೆ ಪೂರ್ತಿಯಾದರೆ 100 ರೂಪಾಯಿ. 2018ರ ನಂತರ ಬಿಪಿ, ಶುಗರ್ ಕಾಯಿಲೆ ಗುರುತಿಸಲು 30 ವರ್ಷ ಮೇಲ್ಪಟ್ಟವರ ಫಾರ್ಮ್ ತುಂಬಿದರೆ ಒಂದಕ್ಕೆ 10 ರೂಪಾಯಿ. ಇದು ಆಶಾಗೆ ಮಾತ್ರ ಸೀಮಿತವಲ್ಲ. ಉಪಕೇಂದ್ರಗಳನ್ನು ಕ್ಷೇಮ ಕೇಂದ್ರಗಳನ್ನಾಗಿ ಮಾಡಿ, ಅಲ್ಲಿಗೆ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ನೇಮಿಸಿದಾಗ ಕೇಂದ್ರದ ಮಾರ್ಗಸೂಚಿ ಅವರಿಗೂ ನಿಗದಿತ ವೇತನದ ಮೇಲೆ ತಿಂಗಳಿಗೆ ಗರಿಷ್ಠ 15,000 ರೂಪಾಯಿವರೆಗೆ ಸಾಧನೆ ಆಧಾರಿತ ಹಣ ಇಟ್ಟಿತು. ಎಷ್ಟು ಬಸುರಿಯರು, ಎಷ್ಟು ಲಸಿಕೆ, ಎಷ್ಟು ಬಿಪಿ ತಪಾಸಣೆ ಎಂಬ ಸೂಚ್ಯಂಕಗಳ ಮೇಲೆ ಆ ಹಣ ನಿಂತಿದೆ.

ಇದರಿಂದ ಒಳ್ಳೆಯದಾಗಲಿಲ್ಲ ಎಂದು ನಾವು ಹೇಳುವುದಿಲ್ಲ. ನಾವು ಈ ಭಾಗದಲ್ಲಿ ಕೆಲಸ ಶುರುಮಾಡಿದಾಗ ಎಷ್ಟೋ ತಾಂಡಾಗಳಲ್ಲಿ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಇಂದು ನಡುರಾತ್ರಿ ನೋವು ಬಂದರೂ 108ಕ್ಕೆ ಫೋನ್ ಮಾಡಿ ಜೊತೆಗೆ ಹತ್ತುವವಳು ಆಶಾ. ಆ 300 ರೂಪಾಯಿಯ ಹಿಂದೆ ಎಷ್ಟು ನಿದ್ದೆಗೆಟ್ಟ ರಾತ್ರಿಗಳಿವೆ ಎಂಬುದು ನಿಮಗೆ ಗೊತ್ತು.

ನಾವು ಕಂಡ ಮೂರು ಸಂಗತಿಗಳು

ಹೆಸರು ಹೇಳುವುದಿಲ್ಲ, ಊರೂ ಹೇಳುವುದಿಲ್ಲ. ಬೆರಳು ತೋರಿಸಲು ಅಲ್ಲ, ಕಲಿಯಲು ಹೇಳುತ್ತಿದ್ದೇವೆ.

ಮೊದಲನೆಯದು. ಒಂದು ತಾಂಡಾದ ಹೆಣ್ಣುಮಗಳು ಗಂಡನ ಜೊತೆ ಗೋವಾಕ್ಕೆ ಗುಳೆ ಹೋಗಿದ್ದಳು. ಏಳು ತಿಂಗಳು ತುಂಬಿದಾಗ ತವರಿಗೆ ಬಂದಳು. ತಾಯಿ ಕಾರ್ಡ್ ಇಲ್ಲ, ರಕ್ತ ಪರೀಕ್ಷೆ ಆಗಿಲ್ಲ. ಮೂರು ತಿಂಗಳೊಳಗೆ ಹೆಸರು ನೋಂದಾಯಿಸಿ, ಎಲ್ಲಾ ತಪಾಸಣೆ ಮಾಡಿಸಿದ ಬಸುರಿಯೇ ಲೆಕ್ಕದಲ್ಲಿ ಚೆನ್ನಾಗಿ ಕಾಣುವವಳು. ಇವಳು ಯಾವ ಕಾಲಂಗೂ ಕೂಡುವುದಿಲ್ಲ. ಗಂಡನ ಊರಿನ ಆಶಾ ಇವಳನ್ನು ಕಂಡಿರಲಿಲ್ಲ. ತವರಿನ ಆಶಾ "ನಮ್ಮ ಪಟ್ಟಿಯವಳಲ್ಲ" ಅಂದುಕೊಂಡರು. ಯಾರೂ ಕೆಟ್ಟವರಲ್ಲ. ಆದರೆ ಎರಡು ಪಟ್ಟಿಗಳ ನಡುವಿನ ಸಂದಿಯಲ್ಲಿ ಆ ಹುಡುಗಿ ಬಿದ್ದಳು. ದಾರಿಯಲ್ಲಿ ಟಂಟಂನಲ್ಲೇ ಹೆರಿಗೆಯಾಯಿತು. ರಕ್ತ ಬಹಳ ಹೋಗಿತ್ತು. ಗದಗಕ್ಕೆ ಒಯ್ದು ರಕ್ತ ಕೊಡಿಸಿ ಉಳಿಸಿಕೊಂಡೆವು. ದೇವರ ಕೃಪೆ.

ಎರಡನೆಯದು. ಒಂದು ಊರಿನಲ್ಲಿ ಸಂಘದ ಸದಸ್ಯೆಯರ ಆರೋಗ್ಯ ತಪಾಸಣೆ ಆಗಿದೆ ಎಂದು ಕಾಗದ ತೋರಿಸಿದರು. ನಾವು ಕಣ್ಣಾಡಿಸಿದೆವು. ಹನ್ನೊಂದು ಜನರ ಬಿಪಿ, ಹನ್ನೊಂದಕ್ಕೂ ಒಂದೇ ಅಂಕಿ, 120/80. "ಅವ್ವಾ, ನಿಮ್ಮ ತೋಳಿಗೆ ಪಟ್ಟಿ ಕಟ್ಟಿದ್ರಾ?" ಎಂದು ಕೇಳಿದೆವು. "ಇಲ್ರಿ ಸಿಸ್ಟರ್, ಹೆಸರ ಬರಕೊಂಡ ಹ್ವಾದ್ರು" ಎಂದರು. ಬರೆದ ಹುಡುಗಿಯನ್ನು ಆಮೇಲೆ ಒಬ್ಬಳನ್ನೇ ಕೂರಿಸಿ ಮಾತಾಡಿಸಿದೆವು. ಅವಳು ಅತ್ತಳು. ಮಷಿನ್ ಕೆಟ್ಟು ಎರಡು ತಿಂಗಳಾಗಿತ್ತು. ತಿಂಗಳ ಸಭೆಯಲ್ಲಿ "ಎಷ್ಟು ಆಯ್ತು?" ಎಂದು ಕೇಳುತ್ತಾರೆಯೇ ಹೊರತು "ಮಷಿನ್ ಐತೇನು?" ಎಂದು ಯಾರೂ ಕೇಳಿರಲಿಲ್ಲ. ಆ ಹನ್ನೊಂದು ಜನರಲ್ಲಿ ಒಬ್ಬ ತಾಯಿಗೆ ಕೆಲವು ತಿಂಗಳ ನಂತರ ಲಕ್ವಾ ಹೊಡೆಯಿತು. ಬಿಪಿ ಅಳೆದಿದ್ದರೆ ತಪ್ಪುತ್ತಿತ್ತೇ ಎಂದು ಹೇಳಲು ನಾವು ಯಾರು? ಆದರೆ ಮೊದಲೇ ತಿಳಿಯುವ ಒಂದು ಅವಕಾಶ ಆ ತಾಯಿಯ ಕೈ ತಪ್ಪಿತು. ಇದು ಖಂಡಿತ.

ಮೂರನೆಯದು. ಒಬ್ಬ ಬಾಣಂತಿಯ ಕೂಸು ಇಪ್ಪತ್ತನೇ ದಿನಕ್ಕೆ ತೀರಿಕೊಂಡಿತು. ನಾವು ಮೊದಲು ಹೇಳಿದ ಷರತ್ತು ನೆನಪಿದೆಯಲ್ಲ? ಕೂಸು ಇಲ್ಲ ಎಂದ ಮೇಲೆ ಆ 250 ರೂಪಾಯಿಯ ಆಸೆ ಮುಗಿಯಿತು. ಆದರೂ ಆ ಊರಿನ ಆಶಾ 21ನೇ ದಿನ ಹೋದಳು, 28ನೇ ದಿನ ಹೋದಳು, 42ನೇ ದಿನವೂ ಹೋದಳು. ತೂಗಲು ಕೂಸಿರಲಿಲ್ಲ. ತಾಯಿಯ ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂದಿತ್ತು, ಅದನ್ನು ನೋಡಿದಳು. ಊಟ ಬಿಟ್ಟಿದ್ದಳು, ಕೂತು ಉಣಿಸಿದಳು. ಅತ್ತೆಗೆ ತಿಳಿಹೇಳಿದಳು. ಯಾವ ಫಾರ್ಮಿನಲ್ಲೂ ಈ ಮೂರು ಭೇಟಿಗೆ ಜಾಗ ಇಲ್ಲ. ನಾವು ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ರೊಕ್ಕ ಕೂಸಿಂದು ಸಿಸ್ಟರ್. ಅಕಿ ನಮ್ಮ ಓಣಿ ಹುಡುಗಿ ಅಲ್ಲೇನ್ರಿ?"

ಸಹೋದರಿಯರೇ, ಒಂದೇ ನಿಯಮ, ಮೂರು ನಡತೆ. ಮೊದಲನೆಯದರಲ್ಲಿ ನಿಯಮ ಹೇಳಿದಷ್ಟೇ ಮಾಡಿದರು. ಎರಡನೆಯದರಲ್ಲಿ ನಿಯಮಕ್ಕೆ ಬೇಕಾದ ಅಂಕಿಯನ್ನು ಮಾತ್ರ ಕೊಟ್ಟರು. ಮೂರನೆಯದರಲ್ಲಿ ನಿಯಮ ಕೈಬಿಟ್ಟ ಕಡೆ ಮನಸ್ಸಾಕ್ಷಿ ಕೈಹಿಡಿಯಿತು. ಮೂರೂ ವಿವೇಚನೆಯೇ.

ಹಿಂದಿನ ಕಹಿ ಪಾಠ

ಅಂಕಿಯ ಹಿಂದೆ ಓಡುವ ರೋಗ ಇಂದಿನದಲ್ಲ. ನಿಮ್ಮ ಅತ್ತೆಯಂದಿರನ್ನು ಕೇಳಿ, ಆಪರೇಷನ್ ಕೇಸುಗಳ ಕಾಲ ಅವರಿಗೆ ಚೆನ್ನಾಗಿ ಗೊತ್ತು. ಕುಟುಂಬ ಯೋಜನೆಗೆ ಗುರಿ ಕೊಟ್ಟು, ಕೇಸ್ ತಂದವರಿಗೆ ಹಣ, ತರದವರಿಗೆ ಛೀಮಾರಿ ಎಂಬ ಪದ್ಧತಿ 1975ರಿಂದ 77ರ ತುರ್ತು ಪರಿಸ್ಥಿತಿಯಲ್ಲಿ ಎಲ್ಲಿಗೆ ಹೋಯಿತು ಎಂಬುದು ದೇಶಕ್ಕೇ ಗೊತ್ತು. ಆಗ ಗಂಡಸರನ್ನು ಹಿಡಿದು ಆಪರೇಷನ್ ಮಾಡಿದರು. ಆಮೇಲೆ ಆ ಭಾರ ಹೆಚ್ಚುಕಡಿಮೆ ಪೂರ್ತಿ ಹೆಣ್ಣಿನ ಹೊಟ್ಟೆಯ ಮೇಲೆ ಬಂತು. 1996ರಲ್ಲಿ ಸರ್ಕಾರ ಗುರಿಗಳನ್ನು ತೆಗೆಯಿತು. ಆದರೆ ಹಣ ಉಳಿಯಿತು. 2007ರ ದರಪಟ್ಟಿಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಹೆಣ್ಣುಮಗಳ ಆಪರೇಷನ್ ಆದರೆ ಕರೆತಂದವರಿಗೆ 150 ರೂಪಾಯಿ, ಶಸ್ತ್ರಚಿಕಿತ್ಸಕರಿಗೆ 75 ರೂಪಾಯಿ ಇತ್ತು. ತಲೆಗೆ ಇಷ್ಟು ಎಂಬ ಲೆಕ್ಕ.

2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಕೆಲವೇ ತಾಸುಗಳಲ್ಲಿ 83 ಹೆಣ್ಣುಮಕ್ಕಳಿಗೆ ಆಪರೇಷನ್ ಮಾಡಿದರು. ಹನ್ನೆರಡಕ್ಕೂ ಹೆಚ್ಚು ತಾಯಂದಿರು ಸತ್ತರು. ಮುಂದೆ 2016ರ ಸೆಪ್ಟೆಂಬರಿನಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಲು ಹೇಳಿತು.

ನಮ್ಮ ರಾಜ್ಯದ ಮಾತೂ ಇದೆ. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು ಬೀದಿಗೆ ಬಂದು ಹೇಳಿದರು: ಬಿಳಿಸೆರಗು, ಹೊಟ್ಟೆನೋವು ಎಂದು ಖಾಸಗಿ ದವಾಖಾನೆಗೆ ಹೋದರೆ "ಕ್ಯಾನ್ಸರ್ ಆಗತೈತಿ" ಎಂದು ಹೆದರಿಸಿ ಗರ್ಭಕೋಶ ತೆಗೆದರು ಎಂದು. ಆರೋಗ್ಯ ಇಲಾಖೆ ತನಿಖೆ ಮಾಡಬೇಕಾಯಿತು. ಮಾತ್ರೆ ಕೊಟ್ಟು ಕಳಿಸಿದರೆ ಸಿಗುವ ಹಣ ಬೇರೆ, ಆಪರೇಷನ್‌ಗೆ ಸಿಗುವ ಹಣ ಬೇರೆ. ಆ ಎರಡರ ನಡುವೆ ಆರಿಸುವ ಅಧಿಕಾರ ಡಾಕ್ಟರರ ಕೈಯಲ್ಲಿರುತ್ತದೆ. ನಂಬಿಕೆ ಮಾತ್ರ ನಮ್ಮ ಕೈಯಲ್ಲಿರುತ್ತದೆ.

ವಿವೇಚನೆ ಕಸಿದರೆ ಸರಿಹೋಗುತ್ತದೆಯೇ?

ಹಾಗಾದರೆ ವಿವೇಚನೆಯನ್ನೇ ಕಸಿದು ಎಲ್ಲವನ್ನೂ ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಕಟ್ಟಿಹಾಕಿದರೆ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಅದನ್ನೂ ಮಾಡಿ ನೋಡಿದ್ದಾರೆ. ಕರ್ನಾಟಕದಲ್ಲಿ ಆಶಾ ಪ್ರೋತ್ಸಾಹಧನವನ್ನು ಆಶಾ ನಿಧಿ ಎಂಬ ತಂತ್ರಾಂಶಕ್ಕೆ ಜೋಡಿಸಿದರು. ಉದ್ದೇಶ ಒಳ್ಳೆಯದು, ನಡುವೆ ಯಾರೂ ಹಣ ಮುರಿಯಬಾರದು ಎಂದು. ಆದರೆ ಮಾಡಿದ ಕೆಲಸ ಕಂಪ್ಯೂಟರಿಗೆ ಏರದಿದ್ದರೆ ಹಣ ಬರುವುದಿಲ್ಲ. ಏರಿಸುವವರು ಬೇರೆಯವರು, ತಪ್ಪಿದರೆ ಹೊಟ್ಟೆಗೆ ಪೆಟ್ಟು ಆಶಾಗೆ. ಈ ಗೋಳನ್ನು ಅವರ ಸಂಘಟನೆ ವರ್ಷಗಳಿಂದ ಹೇಳುತ್ತಾ ಬಂದಿದೆ.

ವಿವೇಚನೆಯನ್ನು ನಂಬಿದ ಒಂದು ಪ್ರಯೋಗವೂ ನಮ್ಮ ರಾಜ್ಯದಲ್ಲೇ ನಡೆದಿದೆ. ಕರ್ನಾಟಕದ ಗ್ರಾಮೀಣ ಭಾಗದಲ್ಲಿ ಹೆರಿಗೆ ಮಾಡಿಸುವ ಖಾಸಗಿ ವೈದ್ಯರ ನಡುವೆ ಸಂಶೋಧಕರು ಎರಡು ಥರದ ಕರಾರು ಮಾಡಿಕೊಂಡರು. ಕೆಲವರಿಗೆ, ಹೆರಿಗೆ ವೇಳೆ ಮಾಡಬೇಕಾದ ಕ್ರಮಗಳನ್ನು ಸರಿಯಾಗಿ ಪಾಲಿಸಿದರೆ ಹಣ. ಇನ್ನು ಕೆಲವರಿಗೆ, ಹೇಗಾದರೂ ಮಾಡಿ, ತಾಯಿ ಕ್ಷೇಮವಾಗಿದ್ದರೆ ಹಣ. ಎರಡೂ ಕಡೆ ಹೆರಿಗೆ ನಂತರದ ರಕ್ತಸ್ರಾವ ಕಡಿಮೆಯಾಯಿತು. ತಾಯಂದಿರನ್ನು ಹೆಚ್ಚಾಗಿ ಕೊಲ್ಲುವುದು ಅದೇ ರಕ್ತಸ್ರಾವ. ಆದರೆ ಹೆಚ್ಚು ಓದಿದ ವೈದ್ಯರು, ದಾರಿ ಅವರಿಗೇ ಬಿಟ್ಟಾಗ ಹೊಸ ಉಪಾಯ ಹುಡುಕಿ ಇನ್ನೂ ಚೆನ್ನಾಗಿ ಮಾಡಿದರು. ಕ್ರಮ ಪಾಲಿಸಿದ್ದಕ್ಕೆ ಹಣ ಕೊಟ್ಟ ಕಡೆ ಹೆಚ್ಚು ಓದಿದವರು, ಕಡಿಮೆ ಓದಿದವರು ಸರಿಸಮನಾಗಿ ಕೆಲಸ ಮಾಡಿದರು. ಎಲ್ಲಾ ಎತ್ತಿಗೂ ಒಂದೇ ಹಗ್ಗ ಸಾಲದು ಎಂಬುದು ಇದರಿಂದ ತಿಳಿಯುತ್ತದೆ.

ಬ್ರಿಟನ್ ದೇಶದಲ್ಲಿ 2004ರಿಂದ ಕುಟುಂಬ ವೈದ್ಯರಿಗೆ ಅಂಕಗಳ ಮೇಲೆ ಹಣ ಕೊಡಲು ಶುರುಮಾಡಿದರು. ಬಿಪಿ ಹತೋಟಿಯಲ್ಲಿದ್ದರೆ ಇಷ್ಟು ಅಂಕ, ಶುಗರ್ ಹತೋಟಿಯಲ್ಲಿದ್ದರೆ ಇಷ್ಟು ಅಂಕ. ಆದರೆ ಅಲ್ಲಿ ಒಂದು ಕಿಟಕಿ ಇಟ್ಟರು. ಕೊನೆಗಾಲದ ರೋಗಿ, ಚಿಕಿತ್ಸೆ ಬೇಡ ಎಂದ ರೋಗಿ, ಔಷಧಿ ಒಗ್ಗದ ರೋಗಿ ಇಂಥವರನ್ನು ಕಾರಣ ಬರೆದು ಲೆಕ್ಕದಿಂದ ಹೊರಗಿಡಬಹುದು. ಹೆಚ್ಚಿನ ವೈದ್ಯರು ಆ ಕಿಟಕಿಯನ್ನು ಹಿತಮಿತವಾಗಿ ಬಳಸಿದರು. ಕೆಲವೇ ಕೆಲವರು ಮಿತಿ ಮೀರಿದರು. ಕಾರಣ ಬರೆಯಬೇಕಾಗಿದ್ದರಿಂದ ಅದೂ ಬಯಲಿಗೆ ಬಂತು. ಮುಂದೆ 2016ರಲ್ಲಿ ಸ್ಕಾಟ್ಲೆಂಡ್ ಆ ಅಂಕದ ಪದ್ಧತಿಯನ್ನೇ ಕೈಬಿಟ್ಟಿತು.

ನಮ್ಮ ಆಶಾಗೆ ಇಂಥ ಕಿಟಕಿ ಎಲ್ಲಿದೆ? ಗುಳೆ ಹೋಗಿ ತಡವಾಗಿ ಬಂದ ಬಸುರಿ, ಕೂಸು ಕಳೆದುಕೊಂಡ ತಾಯಿ ಇಂಥವರ ಮನೆಗೆ ಹೋದದ್ದನ್ನು ಕಾರಣ ಸಮೇತ ಬರೆಯಲು ಒಂದು ಸಾಲು ಇದ್ದರೆ ಎಷ್ಟು ಒಳ್ಳೆಯದಿತ್ತು! ಇದನ್ನು ಕೇಳುವ ಹಕ್ಕು ನಮಗಿದೆ.

ನಾವೂ ತಪ್ಪಿದ್ದೇವೆ

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಈ ಉಪದೇಶಕ್ಕೆ ಬೆಲೆ ಇಲ್ಲ. ಸ್ವಸಹಾಯ ಸಂಘಗಳ ಅಲೆ ಜೋರಾಗಿದ್ದ ವರ್ಷಗಳಲ್ಲಿ, ಸಂಘ ಕಟ್ಟಿ ಬ್ಯಾಂಕಿಗೆ ಜೋಡಿಸಿದರೆ ಒಂದು ಸಂಘಕ್ಕೆ ಇಷ್ಟು ಎಂದು ಸಂಸ್ಥೆಗಳಿಗೆ ಸಹಾಯಧನ ಬರುತ್ತಿತ್ತು. ನಾವೂ ನಮ್ಮ ಕಾರ್ಯಕರ್ತೆಯರಿಗೆ "ಈ ತಿಂಗಳು ಎಷ್ಟು ಸಂಘ?" ಎಂದೇ ಕೇಳಿದೆವು. ಸಂಘಗಳು ಹುಟ್ಟಿದವು. ಕೆಲವು ಪುಸ್ತಕದಲ್ಲೇ ಹುಟ್ಟಿ ಪುಸ್ತಕದಲ್ಲೇ ಸತ್ತವು. ಸಾಲ ತೀರಿಸಲಾಗದ ಕಡುಬಡವಿ, ಕುಡುಕ ಗಂಡನ ಹೆಂಡತಿ, ಒಂಟಿ ವಿಧವೆ ಇಂಥವರನ್ನು "ಸಂಘಕ್ಕ ತೊಂದ್ರಿ ಆಗತೈತಿ" ಎಂದು ಹೊರಗಿಟ್ಟಿರಿ. ನಾವು ನೋಡಿಯೂ ಸುಮ್ಮನಿದ್ದೆವು. ಯಾಕೆಂದರೆ ಮರುಪಾವತಿ ನೂರಕ್ಕೆ ನೂರು ಎಂದು ವರದಿಯಲ್ಲಿ ಬರೆಯಬೇಕಾಗಿತ್ತು. ಯಾರಿಗಾಗಿ ಸಂಸ್ಥೆ ಇತ್ತೋ ಅವರೇ ಹೊರಗೆ ನಿಂತರು.

ಇಂದು ನಮ್ಮ ಓಣಿಗಳಿಗೆ ಮೈಕ್ರೋ ಫೈನಾನ್ಸ್ ವಸೂಲಿ ಹುಡುಗರು ಬರುತ್ತಾರೆ. ಅವರ ಕಾಟ ಎಷ್ಟಾಯಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆ ಹುಡುಗರೂ ಬಡವರ ಮಕ್ಕಳೇ. ಗುರಿ ಮುಟ್ಟದಿದ್ದರೆ ಅವರ ಹೊಟ್ಟೆಗೂ ಹೊಡೆತ. ಮನುಷ್ಯನ ಅನ್ನವನ್ನು ಬರೀ ಒಂದು ಅಂಕಿಗೆ ಕಟ್ಟಿದರೆ, ಆ ಅಂಕಿಯ ಆಚೆ ನಿಂತ ಮನುಷ್ಯರು ಕಾಣದಂತಾಗುತ್ತಾರೆ.

ಹೊಟ್ಟೆ ತುಂಬಿದರೆ ಕಣ್ಣು ಕಾಣುತ್ತದೆ

ಆದ್ದರಿಂದ ಆಶಾಗಳ ಹೋರಾಟವನ್ನು ನಾವು ಅವರ ಸ್ವಾರ್ಥ ಎಂದು ನೋಡಬಾರದು. 2020ರ ಜುಲೈನಲ್ಲಿ ಕೋವಿಡ್ ಕಾಲದಲ್ಲೇ ರಾಜ್ಯದ ಆಶಾಗಳು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಕೇಳಿ ಕೆಲಸ ನಿಲ್ಲಿಸಿದರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಪ್ರಶಸ್ತಿ ಕೊಟ್ಟು ಗೌರವಿಸಿತು. ಪ್ರಶಸ್ತಿಯಿಂದ ಒಲೆ ಉರಿಯುವುದಿಲ್ಲವಲ್ಲ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. ಆ ಹೊತ್ತಿಗೆ ರಾಜ್ಯದ ನಿಶ್ಚಿತ ಗೌರವಧನ 5,000 ರೂಪಾಯಿ ಇತ್ತು. ಉಳಿದದ್ದೆಲ್ಲ ಎಣಿಕೆಯ ಮೇಲೆ. ಪ್ರೋತ್ಸಾಹಧನ ಕಡಿಮೆ ಬಿದ್ದರೂ ಒಟ್ಟು 10,000ಕ್ಕೆ ಕಡಿಮೆಯಾಗದಂತೆ ನೋಡಿಕೊಳ್ಳುತ್ತೇವೆ ಎಂದು ಮುಖ್ಯಮಂತ್ರಿಗಳು ಭರವಸೆ ಕೊಟ್ಟ ಮೇಲೆ ಎದ್ದರು. ಭರವಸೆ ಈಡೇರಿಲ್ಲ ಎಂದು ಅದೇ ವರ್ಷದ ಆಗಸ್ಟಿನಲ್ಲಿ ಮತ್ತೆ ಧರಣಿ ಹೂಡಿದರು.

ನಿಶ್ಚಿತ ಹಣ ಹೆಚ್ಚಾದಷ್ಟೂ ಆಶಾಗೆ ಪಟ್ಟಿಯ ಆಚೆ ನೋಡುವ ಧೈರ್ಯ ಬರುತ್ತದೆ. ಪೂರ್ತಿ ನಿಶ್ಚಿತವಾದರೆ ಮೈಗಳ್ಳತನ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬರಬಹುದು. ಅದಕ್ಕೆ ಮದ್ದು ಬರೀ ಅಂಕಿ ಅಲ್ಲ. ಊರಿನ ಕಣ್ಣು ಮತ್ತು ಊರಿನ ಪ್ರೀತಿ, ಎರಡೂ ಬೇಕು.

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ನಿಮ್ಮ ತಾಯಿ ಕಾರ್ಡ್ ನೀವೇ ಓದಿರಿ. ಓದಲು ಬಾರದಿದ್ದರೆ ಸಂಘದಲ್ಲಿ ಓದುಬರುವ ತಂಗಿಯಿಂದ ಓದಿಸಿರಿ. ಬರೆದ ತೂಕ, ಬಿಪಿ, ರಕ್ತದ ಅಂಶ ನಿಜವಾಗಿ ಅಳೆದದ್ದೇ ಎಂದು ನೋಡಿರಿ. "ಸಿಸ್ಟರ್, ಪಟ್ಟಿ ಕಟ್ಟಿ ನೋಡ್ರಿ" ಎಂದು ಕೇಳುವುದು ಜಗಳವಲ್ಲ, ನಿಮ್ಮ ಹಕ್ಕು. ಮಷಿನ್ ಕೆಟ್ಟಿದ್ದರೆ ಸಂಘದಿಂದ ವೈದ್ಯಾಧಿಕಾರಿಗೆ ಒಂದು ಅರ್ಜಿ ಬರೆಯಿರಿ. ಆ ನರ್ಸಬಾಯಿಗೂ ಅದರಿಂದ ಬಲ ಬರುತ್ತದೆ.

ಎರಡನೆಯದಾಗಿ, 3, 7, 14, 21, 28, 42 ಈ ಅಂಕಿಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಆಶಾ ಬಂದ ದಿನ ಸಹಿ ಮಾಡಿರಿ, ಬಾರದ ದಿನಕ್ಕೆ ಸಹಿ ಮಾಡಬೇಡಿರಿ. ಖಾಲಿ ಕಾಗದಕ್ಕಂತೂ ಎಂದೂ ಬೇಡ.

ಮೂರನೆಯದಾಗಿ, ಆಕೆಗೆ ಬರಬೇಕಾದ ಹಣ ಬರುವಂತೆ ನಾವೂ ನೆರವಾಗಬೇಕು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಕಾರ್ಡಿನ ನಂಬರು ಕೇಳಿದಾಗ "ನಾಳೆ ಬಾ" ಎಂದು ಹತ್ತು ಸಲ ತಿರುಗಿಸಬಾರದು. ನಮ್ಮ ಅಸಡ್ಡೆಯಿಂದ ಆಕೆಯ ಕೂಲಿ ಮುರಿಯಬಾರದು.

ನಾಲ್ಕನೆಯದಾಗಿ, ಕಾಪರ್-ಟಿ ಆಗಲಿ, ಆಪರೇಷನ್ ಆಗಲಿ, ಗರ್ಭಕೋಶದ ವಿಷಯ ಆಗಲಿ, ಅವಸರ ಮಾಡಿದರೆ ನೀವು ನಿಧಾನ ಮಾಡಿರಿ. ಬೇರೆ ವೈದ್ಯರನ್ನೂ ಕೇಳಿರಿ. ರಕ್ತ ನಿಲ್ಲದಂಥ ತುರ್ತು ಬೇರೆ, ಅಲ್ಲಿ ತಡ ಮಾಡಬಾರದು. ಉಳಿದಂತೆ ತೀರ್ಮಾನ ನಿಮ್ಮದು.

ಐದನೆಯದಾಗಿ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯಲ್ಲಿ ಹೆಣ್ಣುಮಕ್ಕಳು ಕೂರಬೇಕು. ಅಲ್ಲಿ "ಎಷ್ಟು ಹೆರಿಗೆ?" ಎಂದು ಕೇಳುವ ಜೊತೆಗೆ "ಯಾರು ಬಿಟ್ಟುಹೋದರು?" ಎಂದೂ ಕೇಳಿರಿ. ಗುಳೆಯಿಂದ ಬಂದ ಬಸುರಿಯರ ಹೆಸರನ್ನು ಸಂಘವೇ ಆಶಾಗೆ ಮುಟ್ಟಿಸಲಿ. 2007ರ ಸುಮಾರಿಗೆ ಒಂಬತ್ತು ರಾಜ್ಯಗಳಲ್ಲಿ ಜನರೇ ಆರೋಗ್ಯ ಸೇವೆಯನ್ನು ಪರಿಶೀಲಿಸುವ ಪ್ರಯೋಗ ನಡೆದಾಗ ಕರ್ನಾಟಕವೂ ಅದರಲ್ಲಿತ್ತು. ಇದು ನಮಗೆ ಹೊಸದಲ್ಲ, ಮರೆತದ್ದು ಅಷ್ಟೇ.

ಕೊನೆಯ ಮಾತು

ಪ್ರಭು ಯೇಸು ಹೇಳಿದ ಒಂದು ಸಾಮತಿಯನ್ನು ನೀವು ಕೇಳಿರಬಹುದು. ದಾರಿಯಲ್ಲಿ ಕಳ್ಳರಿಂದ ಪೆಟ್ಟು ತಿಂದು ಒಬ್ಬ ಬಿದ್ದಿದ್ದ. ದೊಡ್ಡವರು ಎನಿಸಿಕೊಂಡ ಇಬ್ಬರು ನೋಡಿಯೂ ಆಚೆ ಬದಿಯಿಂದ ಹೋದರು. ಬೇರೆ ಜನಾಂಗದ ಸಮಾರಿಯದವನೊಬ್ಬ ನಿಂತು ಗಾಯ ಕಟ್ಟಿ, ತನ್ನ ಪ್ರಾಣಿಯ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಒಯ್ದ. ಆತನ ದಯೆಯನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಕತೆಯ ಕೊನೆಯಲ್ಲಿ ಛತ್ರದವನೊಬ್ಬನಿದ್ದಾನೆ, ಅವನನ್ನು ಮರೆಯುತ್ತೇವೆ. ಸಮಾರಿಯದವನು ಮರುದಿನ ಅವನ ಕೈಗೆ ಎರಡು ನಾಣ್ಯ ಕೊಟ್ಟು, ಇವನನ್ನು ನೋಡಿಕೋ, ಹೆಚ್ಚು ಖರ್ಚಾದರೆ ನಾನು ಮರಳಿ ಬಂದಾಗ ಕೊಡುತ್ತೇನೆ ಎಂದು ಹೇಳಿಹೋದ. ಎಷ್ಟು ಪಟ್ಟಿ ಕಟ್ಟಿದೆ, ಎಷ್ಟು ಸಲ ನೀರು ಕುಡಿಸಿದೆ ಎಂದು ಲೆಕ್ಕ ಬರೆಸಲಿಲ್ಲ. ಕೂಲಿಯನ್ನೂ ಕೊಟ್ಟ, ನಂಬಿಕೆಯನ್ನೂ ಕೊಟ್ಟ. ಮತ್ತೆ ಬಂದು ನೋಡುತ್ತೇನೆ ಎಂದೂ ಹೇಳಿದ. ಯಾವ ಧರ್ಮದವರಾದರೂ ಈ ಮೂರು ಮಾತು ಒಪ್ಪುತ್ತಾರೆ.

ನಮ್ಮ ಆಶಾಗೆ, ನರ್ಸಬಾಯಿಗೆ ಬೇಕಾದದ್ದು ಇವೇ ಮೂರು: ಮರ್ಯಾದೆಯಿಂದ ಬದುಕುವಷ್ಟು ಕೂಲಿ, ನಮ್ಮ ನಂಬಿಕೆ, ಮತ್ತು ಮರಳಿ ಬಂದು ನೋಡುವ ನಮ್ಮ ಕಣ್ಣು. ಸರ್ಕಾರ ಕೊಡಬೇಕಾದದ್ದನ್ನು ಕೇಳೋಣ. ನಾವು ಕೊಡಬೇಕಾದದ್ದನ್ನು ಇಂದೇ ಕೊಡಲು ಶುರುಮಾಡೋಣ.

ದೇವರು ನಿಮ್ಮೆಲ್ಲರನ್ನು, ನಿಮ್ಮ ಮನೆಯ ಬಾಣಂತಿ ಕೂಸುಗಳನ್ನು ಕಾಪಾಡಲಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಊರಿನಲ್ಲಿ ಈ ವರ್ಷ ಯಾವ ಪಟ್ಟಿಗೂ ಸೇರದ ಬಸುರಿ, ಬಾಣಂತಿ, ಮಗು ಯಾರಾದರೂ ಇದ್ದಾರೆಯೇ?

2. ನಮ್ಮ ಆಶಾಗೆ ಹೋದ ತಿಂಗಳ ಹಣ ಪೂರ್ತಿ ಬಂದಿದೆಯೇ? ಬರದಿದ್ದರೆ ಯಾವ ಕಾಗದ ಬಾಕಿ ಇದೆ?

3. ನಮ್ಮ ಸಂಘದ ಮರುಪಾವತಿ ಅಂಕಿಗಾಗಿ ನಾವು ಯಾರನ್ನಾದರೂ ಹೊರಗಿಟ್ಟಿದ್ದೇವೆಯೇ? ಅವರನ್ನು ಕರೆಯಲು ಈ ವಾರ ಯಾರು ಹೋಗುತ್ತೀರಿ?